ಅಪ್ಪನ ಬಾವಿ ಎಂಜಿನ್ನು ಮತ್ತೆ ನೀರೆತ್ತಿದ್ದು

ಎಂಜಿನ್ನು ಕಿರ್ಲೋಸ್ಕರ್ ಎವಿ-1. ಒಂದೇ ಸಿಲಿಂಡರು, ನೀರಿನಿಂದ ತಣಿಯುವಂಥದ್ದು, 5 ಎಚ್‌ಪಿ, ನಿಮಿಷಕ್ಕೆ 1500 ಸುತ್ತು. ಬೋರು, ಅಂದರೆ ಸಿಲಿಂಡರಿನ ಒಳ ಅಗಲ, 80 ಮಿ.ಮೀ., ಸ್ಟ್ರೋಕು, ಅಂದರೆ ಪಿಸ್ಟನ್ನು ಓಡುವ ದೂರ, 110 ಮಿ.ಮೀ. 1982ರಲ್ಲಿ ಅಪ್ಪ ಫೌಜಿನಿಂದ ರಜೆಗೆ ಬಂದಾಗ ಸೊಸೈಟಿ ಸಾಲ ತೆಗೆದು ತಂದು, ಬೈಲಹೊಂಗಲ ತಾಲ್ಲೂಕಿನ ನಮ್ಮ ಹೊಲದ ಬಾವಿಗೆ ಕೂರಿಸಿದ್ದು. ಮುಂದೆ ಹೊಲಕ್ಕೆ ಕರೆಂಟು ಬಂತು, ಮೋಟರು ಬಂತು. ಆದರೂ ಅಪ್ಪ ಇದನ್ನು ಕೈಬಿಡಲಿಲ್ಲ. ತಿಂಗಳಿಗೊಮ್ಮೆಯಾದರೂ ಕೆಳಗಿಳಿದು, ಹ್ಯಾಂಡಲ್ ಹೊಡೆದು, ಅರ್ಧ ತಾಸು ಓಡಿಸಿ ಬರುತ್ತಿದ್ದ. ಮೊಣಕಾಲು ಸೋತು ಬಾವಿಯ ಮೆಟ್ಟಿಲು ಇಳಿಯುವುದು ಆಗದೆ ಹೋದ ಮೇಲೆ ಎಂಜಿನ್ನೂ ನಿಂತಿತು. 2024ರಲ್ಲಿ, 76ನೇ ವಯಸ್ಸಿಗೆ, ಅಪ್ಪ ತೀರಿಕೊಂಡ.

ವರ್ಷದ ತಿಥಿಗೆ ಏನು ಮಾಡುವುದು ಅಂತ ಮನೆಯಲ್ಲಿ ಮಾತು ಬಂದಾಗ ಅಕ್ಕ ಫೋಟೋ ದೊಡ್ಡದು ಮಾಡಿಸುವ ವಿಚಾರ ಎತ್ತಿದಳು. ಅವ್ವ, "ಫೋಟೋ ಆಮ್ಯಾಲ ಆಗ್ಲಿ. ಮೊದಲ ಆ ಇಂಜಿನ್ ಚಾಲೂ ಮಾಡ್ರಿ. ಅಂವಾ ಇದ್ದಿದ್ರ ಹಿಂಗ ತುಕ್ಕು ಹಿಡ್ಯಾಕ ಬಿಡತಿದ್ನ?" ಅಂದಳು. ನಾನು ಬೆಳಗಾವಿ ಉದ್ಯಮಬಾಗದ ಮಶೀನ್ ಶಾಪೊಂದರಲ್ಲಿ ಲೇಥ್ ಮೇಲೆ ಕೆಲಸ ಮಾಡುವವ. ಅಳತೆಯ ಕೆಲಸ ಗೊತ್ತು. ಈ ಎಂಜಿನ್ನು ಮಾತ್ರ ಹೊರಗಿನ ಮಿಸ್ತ್ರಿಯ ಕೈ ಕಂಡಿದ್ದೇ ಅಪರೂಪ. ಅಪ್ಪ ಹೇಗೆ ಬಿಚ್ಚುತ್ತಿದ್ದನೋ ಹಾಗೆಯೇ ಬಿಚ್ಚೋಣ, ಅವನು ಬರೆದಿಟ್ಟ ಅಳತೆಗೇ ಕೂರಿಸೋಣ ಅಂತ ನಿಶ್ಚಯ ಮಾಡಿ ಹಿಡಿದ ಕೆಲಸ ಇದು.

ಬಾವಿಯೊಳಗಿನ ಕಟ್ಟೆ

ಎಂಜಿನ್ನು ಇರುವುದು ನೆಲದ ಮೇಲಲ್ಲ. ಬಾವಿಯೊಳಗೆ ಹದಿನೈದು ಅಡಿ ಕೆಳಗೆ, ಗೋಡೆಗೆ ಒತ್ತಿ ಕಟ್ಟಿದ ಕಲ್ಲಿನ ಕಟ್ಟೆಯ ಮೇಲೆ. ಹಳೆಯ ಬಾವಿಗಳಲ್ಲಿ ಇಂಥ ಕಟ್ಟೆ ನೋಡಿದವರು ಅದಕ್ಕೆ ಕಾರಣ ಕೇಳುತ್ತಾರೆ. ಪಂಪು ನೀರನ್ನು ತಾನೇ ಎಳೆಯುವುದಿಲ್ಲ. ಪೈಪಿನೊಳಗಿನ ಒತ್ತಡ ಇಳಿಸುತ್ತದೆ ಅಷ್ಟೆ, ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಅದು ಲೆಕ್ಕಕ್ಕೆ ಸುಮಾರು 10 ಮೀಟರ್ ತಳ್ಳೀತು. ನಮ್ಮ ಸೀಮೆ ಎತ್ತರದಲ್ಲಿರುವುದರಿಂದ ಅಲ್ಲಿಯೇ ಒಂದಿಷ್ಟು ಕಡಿತ. ಫುಟ್‌ವಾಲ್ವು, ಬೆಂಡು, ಪೈಪಿನ ಘರ್ಷಣೆ ಎಲ್ಲ ಕಳೆದರೆ ಕೈಗೆ ಸಿಗುವುದು ಆರೇಳು ಮೀಟರ್. ನಲವತ್ತು ಅಡಿ ಬಾವಿಯ ದಂಡೆಯ ಮೇಲೆ ಪಂಪು ಕೂರಿಸಿದರೆ ಬೇಸಿಗೆಯಲ್ಲಿ ಹನಿ ನೀರೂ ಬರುವುದಿಲ್ಲ. ಪಂಪನ್ನೇ ನೀರಿನ ಹತ್ತಿರ ಇಳಿಸಬೇಕು, ಪಂಪಿನ ಜೋಡಿ ಎಂಜಿನ್ನೂ ಇಳಿಯಬೇಕು.

ಎಂಜಿನ್ನು ಇಳಿದ ಕೂಡಲೆ ಇನ್ನೊಂದು ತ್ರಾಸು ಹುಟ್ಟುತ್ತದೆ: ಹೊಗೆ. ಡೀಸೆಲ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಗಾಳಿಯಾಡದ ಬಾವಿಯಲ್ಲಿ ಅದು ತುಂಬಿಕೊಂಡರೆ ಮನುಷ್ಯನಿಗೆ ತಲೆ ಸುತ್ತಿದ್ದು ಗೊತ್ತಾಗುವುದರೊಳಗೆ ಮೆಟ್ಟಿಲು ಹತ್ತುವ ಶಕ್ತಿ ಹೋಗಿರುತ್ತದೆ. ಅಪ್ಪನಿಗೆ ಇದು ಫೌಜಿನ ವರ್ಕ್‌ಶಾಪಿನಿಂದಲೇ ಗೊತ್ತಿತ್ತು. ರಜೆ ಮುಗಿದು ಅವನು ಯುನಿಟ್ಟಿಗೆ ಹೋದ ಮೇಲೆ ಎಂಜಿನ್ ನಡೆಸಬೇಕಾದವಳು ಅವ್ವ. ಅಕ್ಕನಿಗೆ ಆಗ ನಾಲ್ಕು ವರ್ಷ, ನಾನು ಕಂಕುಳಲ್ಲಿ.

ಹಾಗಾಗಿ ಅವನು ಎರಡು ಕೆಲಸ ಮಾಡಿದ. ಸೈಲೆನ್ಸರಿಗೆ ಒಂದೂವರೆ ಇಂಚಿನ ಪೈಪು ಜೋಡಿಸುತ್ತ ಜೋಡಿಸುತ್ತ ಬಾವಿಯ ದಂಡೆಗಿಂತ ಆಳೆತ್ತರ ಮೇಲಕ್ಕೆ ಒಯ್ದು ಬಿಟ್ಟ. ಡೀಸೆಲ್ ಬಂದ್ ಮಾಡುವ ಲೀವರಿಗೆ ಸೈಕಲ್ ಬ್ರೇಕಿನ ತಂತಿ ಕಟ್ಟಿ, ಸಣ್ಣ ಗಾಲಿಗಳ ಮೇಲಿಂದ ಹಾಯಿಸಿ, ದಂಡೆಯ ಮೇಲಿನ ಗೂಟಕ್ಕೆ ತಂದು ನಿಲ್ಲಿಸಿದ. ಎಂಜಿನ್ನು ಚಾಲೂ ಮಾಡಲು ಕೆಳಗೆ ಇಳಿಯಬೇಕು, ಬಂದ್ ಮಾಡಲು ಇಳಿಯುವ ಅವಶ್ಯಕತೆ ಇಲ್ಲ. ಮೇಲೆ ನಿಂತು ತಂತಿ ಜಗ್ಗಿದರೆ ಸಾಕು. ಗೋಡೆಯ ಮೇಲೆ ಕೆಂಪು ಪೇಂಟಿನಲ್ಲಿ ಬರೆದದ್ದು ಈಗಲೂ ಓದಲು ಬರುತ್ತದೆ: "ಚಾಲೂ ಆದ ಕೂಡಲೆ ಮೇಲೆ ಬಾ." ಬಹುವಚನ ಇಲ್ಲ, ಎಚ್ಚರಿಕೆ ಅನ್ನುವ ತಲೆಬರಹ ಇಲ್ಲ. ಅದು ಅವ್ವನೊಬ್ಬಳಿಗೇ ಬರೆದದ್ದು.

ಸೈಲೆನ್ಸರ್ ಪೈಪು ಎರಡು ಕಡೆ ತೂತು ಬಿದ್ದಿತ್ತು, ಪೂರ್ತಿ ಹೊಸದು ಹಾಕಿದೆ. ತಂತಿ ತುಕ್ಕು ಹಿಡಿದು ಗಾಲಿಗೆ ಅಂಟಿತ್ತು. ಹೊಸ ಸ್ಟೇನ್‌ಲೆಸ್ ತಂತಿ, ಅದೇ ಗಾಲಿಗಳು. ಗಾಲಿಗಳನ್ನು ಅಪ್ಪ ಹಿತ್ತಾಳೆಯಲ್ಲಿ ತಿರುವಿಸಿದ್ದ, ಸ್ವಲ್ಪವೂ ಸವೆದಿಲ್ಲ.

ಲಾಗ್ ಬುಕ್ಕು ಮತ್ತು ಪತ್ರಗಳು

ಬಿಚ್ಚುವುದಕ್ಕೆ ಮೊದಲು ಓದಬೇಕಿತ್ತು. ಅಪ್ಪನ ಕಪ್ಪು ಟ್ರಂಕಿನಲ್ಲಿ ಎಂಜಿನ್ನಿನ ಲಾಗ್ ಬುಕ್ಕುಗಳಿದ್ದವು, ರಟ್ಟಿನ ಹೊದಿಕೆಯ ಉದ್ದನೆಯ ವಹಿಗಳು. ಫೌಜಿನಲ್ಲಿ ಪ್ರತಿ ಗಾಡಿಗೂ ಒಂದು ಲಾಗ್ ಬುಕ್ ಇರುತ್ತದೆ. ಅದೇ ರೂಢಿಯನ್ನು ಅಪ್ಪ ಹೊಲಕ್ಕೂ ತಂದ. ತಾರೀಖು, ಎಷ್ಟು ತಾಸು ಓಡಿತು, ಎಷ್ಟು ಲೀಟರ್ ಡೀಸೆಲ್, ಯಾರ ಹೊಲಕ್ಕೆ ನೀರು, ಷರಾ.

ಅಪ್ಪ ಫೌಜಿಗೆ ಸೇರಿದ್ದು 1966ರಲ್ಲಿ, 18 ವರ್ಷಕ್ಕೆ. ಬೆಳಗಾವಿ ಕಡೆ ಫೌಜು ಅಂದರೆ ಜನರಿಗೆ ಮೊದಲು ನೆನಪಾಗುವುದು ಮರಾಠಾ ಲೈಟ್ ಇನ್‌ಫೆಂಟ್ರಿ, ಅದರ ರೆಜಿಮೆಂಟಲ್ ಸೆಂಟರ್ ಇಲ್ಲಿಯೇ ಇದೆ. ಅಪ್ಪ ಹೋದದ್ದು ಇಎಂಇಗೆ. ಕೋರ್ ಆಫ್ ಎಲೆಕ್ಟ್ರಿಕಲ್ ಆ್ಯಂಡ್ ಮೆಕ್ಯಾನಿಕಲ್ ಎಂಜಿನಿಯರ್ಸ್, 1943ರ ಅಕ್ಟೋಬರ್ 15ಕ್ಕೆ ಶುರುವಾದ ಕೋರು. ಟ್ರಕ್ಕು, ಟ್ಯಾಂಕು, ತೋಪು, ರೇಡಿಯೋ, ಕೆಟ್ಟದ್ದೆಲ್ಲ ಇವರ ಹತ್ತಿರ ಬರಬೇಕು. ಬೇರೆ ಕಡೆ ಸಿಪಾಯಿ ಅನ್ನುವ ಮೊದಲ ದರ್ಜೆಗೆ ಇಲ್ಲಿ ಕ್ರಾಫ್ಟ್ಸ್‌ಮನ್ ಅನ್ನುತ್ತಾರೆ. ಅಪ್ಪ ಕ್ರಾಫ್ಟ್ಸ್‌ಮನ್ ಆಗಿ ಸೇರಿ, 24 ವರ್ಷ ನೌಕರಿ ಮಾಡಿ, 1990ರಲ್ಲಿ ಹವಾಲ್ದಾರ್ ಆಗಿ ಪೆನ್ಶನ್ನಿಗೆ ಬಂದ. "ಕರ್ಮ್ ಹಿ ಧರ್ಮ್" ಅನ್ನುವುದು ಇಎಂಇಯ ಘೋಷವಾಕ್ಯ. ಅಪ್ಪ ಅದನ್ನು ಬಾಯಲ್ಲಿ ಆಡಿದ್ದು ನಾನು ಕೇಳಿಲ್ಲ, ಅವನ ಟೂಲ್ ರೋಲಿನ ಕ್ಯಾನ್ವಾಸಿನ ಮೇಲೆ ಬರೆದಿತ್ತು.

1982ರಿಂದ 1990ರ ತನಕದ ಲಾಗ್ ಹೆಚ್ಚು ಕಡಿಮೆ ಪೂರ್ತಿ ಅವ್ವನ ಅಕ್ಷರದಲ್ಲಿದೆ. ಅವ್ವ ಕಲಿತದ್ದು ನಾಲ್ಕನೇ ಇಯತ್ತೆ. ದುಂಡಗೆ, ಗೆರೆಯ ಮೇಲೆ ಕೂತ ಅಕ್ಷರ. ವರ್ಷಕ್ಕೆ ಎರಡು ತಿಂಗಳು ಅಕ್ಷರ ಬದಲಾಗಿ ಬಲಕ್ಕೆ ವಾಲುತ್ತದೆ: ಅಪ್ಪ ರಜೆಗೆ ಬಂದಿದ್ದಾನೆ. ಆಮೇಲೆ ಮತ್ತೆ ದುಂಡಗೆ. ಪೆನ್ಶನ್ನಿಗೆ ಬಂದ ಮೇಲೆ ಎಲ್ಲ ವಾಲಿದ ಅಕ್ಷರವೇ ಇರಬೇಕಿತ್ತು. ಹಾಗಿಲ್ಲ. ಕಬ್ಬು ಅರೆಯುವ ಹಂಗಾಮಿನಲ್ಲಿ ಅಪ್ಪ ಸಕ್ಕರೆ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೆಲಸಕ್ಕೆ ಹೋಗುತ್ತಿದ್ದ, ಅಕ್ಕನ ನರ್ಸಿಂಗ್ ಓದಿಗೆ, ಆಮೇಲೆ ನನ್ನ ಐಟಿಐಗೆ. ಆ ತಿಂಗಳುಗಳಲ್ಲೆಲ್ಲ ಮತ್ತೆ ಅವ್ವನ ಅಕ್ಷರ. ಯಾವ ವರ್ಷ ಯಾರ ಫೀ ಕಟ್ಟಬೇಕಿತ್ತು ಅನ್ನುವುದನ್ನು ಈ ವಹಿ ನೋಡಿಯೇ ಹೇಳಬಹುದು.

ವಹಿಗಳ ನಡುವೆ ಇನ್‌ಲ್ಯಾಂಡ್ ಪತ್ರಗಳು. ಕಳಿಸಿದವರ ಜಾಗದಲ್ಲಿ ಊರಿನ ಹೆಸರಿಲ್ಲ, "ಕೇರ್ ಆಫ್ 56 ಎಪಿಒ" ಅಷ್ಟೇ. ಫೌಜಿನ ಅಂಚೆಯಲ್ಲಿ ಯುನಿಟ್ ಎಲ್ಲಿದೆ ಅಂತ ಬರೆಯುವ ಹಾಗಿಲ್ಲ. ಅವ್ವ ಇಲ್ಲಿಂದ ಎಂಜಿನ್ನಿನ ರೋಗ ಬರೆಯಬೇಕು, ಅಪ್ಪ ಅಲ್ಲಿಂದ ಮದ್ದು ಬರೆಯಬೇಕು. ಪತ್ರ ಹೋಗಿ ಬರುವುದರೊಳಗೆ ಎರಡು ವಾರವಾದರೂ ಹಿಡಿಯುತ್ತಿತ್ತು. ಒಂದರಲ್ಲಿ ಹೀಗಿದೆ:

"ಎಂಜಿನ್ ಕೆಟ್ಟೈತಿ ಅಂತ ಬರೀಬ್ಯಾಡ. ಹೊಗಿ ಬಣ್ಣಾ ನೋಡಿ ಬರಿ. ಕರೇ ಹೊಗಿ ಇದ್ರ ಗಾಳಿ ಕಡಿಮಿ ಆಗೇತಿ, ಇಲ್ಲಾ ಡೀಸೆಲ್ ಹೆಚ್ಚಾಗೇತಿ. ಬೆಳ್ಳಗಿದ್ರ ಡೀಸೆಲ್ ಉರೀವಲ್ದು. ನೀಲಿ ಇದ್ರ ಆಯಿಲ್ ಸುಡಾಕತ್ತೈತಿ. ಸಣ್ಣಾಕಿಗೆ ಜ್ವರ ಇಳೀತೇನು? ಅದನ್ನೂ ಬರಿ."

ಹೊಗೆಯ ಬಣ್ಣದ ಈ ಮೂರು ಮಾತು ಇವತ್ತಿಗೂ ಯಾವ ಡೀಸೆಲ್ ಎಂಜಿನ್ನಿಗೂ ಸರಿಯೇ. ಆ ಪತ್ರಕ್ಕೆ ಅವ್ವ ಏನು ಉತ್ತರ ಬರೆದಳೋ ಅದು ಅಪ್ಪನ ಕಡೆ ಹೋಯಿತು, ಉಳಿದಿಲ್ಲ. ಲಾಗ್‌ನಲ್ಲಿ ಮಾತ್ರ ಷರಾ ಇದೆ: "ಹೊಗಿ ಕರೇದು. ಜಾಳಗಿ ತೊಳದೆ. ಹೋತು." ಜಾಳಗಿ ಅಂದರೆ ಏರ್ ಕ್ಲೀನರಿನೊಳಗಿನ ತಂತಿಯ ಬಲೆ. ಜ್ವರದ ಸುದ್ದಿ ಲಾಗ್‌ನಲ್ಲಿ ಇಲ್ಲ.

ಹಿಡಿದ ಪಿಸ್ಟನ್ನು

ಮೂರು ಕಬ್ಬಿಣದ ಪೈಪಿನ ಮುಕ್ಕಾಲಿ ನಿಲ್ಲಿಸಿ, ಚೈನ್ ಬ್ಲಾಕಿನಿಂದ ಎಂಜಿನ್ನನ್ನು ಮೇಲೆ ಎತ್ತಿದೆವು. ಓಣಿಯ ಹುಡುಗರೆಲ್ಲ ಕೈಹಾಕಿದರು. ಚಕ್ರ ಒಂದು ಕೂದಲೆಳೆಯೂ ಅಲುಗುತ್ತಿರಲಿಲ್ಲ. ಇಂಥಲ್ಲಿ ಜನ ಮಾಡುವುದು ಚಕ್ರಕ್ಕೆ ಉದ್ದನೆಯ ರಾಡು ಹಾಕಿ ಜಗ್ಗುವುದು. ಹಾಗೆ ಮಾಡಿದರೆ ಕನೆಕ್ಟಿಂಗ್ ರಾಡು ಬಾಗುತ್ತದೆ, ಪಿಸ್ಟನ್ನಿನ ತುಕ್ಕು ಹಿಡಿದ ರಿಂಗು ಮುರಿದು ಲೈನರನ್ನು, ಅಂದರೆ ಪಿಸ್ಟನ್ನು ಓಡಾಡುವ ಕೊಳವೆಯನ್ನು, ಸೀಳುತ್ತದೆ. ಬಲ ಬೇಡ, ಸಮಯ ಕೊಡಬೇಕು.

ಹೆಡ್ಡು, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳ, ಬಿಚ್ಚಿದೆ. ಪಿಸ್ಟನ್ನು ನಡುವೆ ನಿಂತಿತ್ತು, ಅದರ ಮೇಲಿನ ಗೋಡೆಗೆ ಕೆಂಪು ತುಕ್ಕು. ಮೊದಲು ಆ ಗೋಡೆಯ ತುಕ್ಕನ್ನು ಸಣ್ಣ ಎಮರಿ ಕಾಗದದಿಂದ ತೆಗೆದೆ, ಇಲ್ಲದಿದ್ದರೆ ಪಿಸ್ಟನ್ನು ಮೇಲೆ ಬರಲು ದಾರಿ ಇಲ್ಲ. ಆಮೇಲೆ ಡೀಸೆಲ್ಲು ಮತ್ತು ಪವರ್ ಸ್ಟಿಯರಿಂಗಿಗೆ ಹಾಕುವ ತೆಳು ಎಣ್ಣೆ ಅರ್ಧರ್ಧ ಬೆರೆಸಿ ಪಿಸ್ಟನ್ ಮೇಲೆ ಹುಯ್ದು ಬಿಟ್ಟೆ. ರಿಂಗಿನ ಸಂದಿಯಲ್ಲಿ ಎಣ್ಣೆ ಇಳಿಯುತ್ತಿದೆಯೇ ಅಂತ ಮಟ್ಟ ನೋಡುತ್ತ, ಕಡಿಮೆಯಾದಾಗ ಮತ್ತೆ ಹುಯ್ಯುತ್ತ ಕಾದೆ. ಮಟ್ಟ ತಾನಾಗಿ ಇಳಿಯಲು ಶುರುವಾದ ಮೇಲೆ ಬೇವಿನ ಕಟ್ಟಿಗೆಯ ದುಂಡನೆ ತುಂಡು ಇಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಚಕ್ರವನ್ನು ಹಿಂದೆ ಮುಂದೆ ಅಲುಗಿಸಿದೆ. ಮೊದಲು ಒಂದು ಹಲ್ಲಿನಷ್ಟು ಸರಿಯಿತು, ಆಮೇಲೆ ಬಿಟ್ಟಿತು.

ಬಿಚ್ಚಿದ ಪ್ರತಿ ನಟ್ಟೂ ಬೋಲ್ಟೂ ಅಪ್ಪನ ಹಲಗೆಗೆ ಹೋದವು. ಸಾಗವಾನಿ ಹಲಗೆಯ ಮೇಲೆ ಎಂಜಿನ್ನಿನ ಆಕಾರ ಕೊರೆದು, ಬೋಲ್ಟು ಎಲ್ಲಿದೆಯೋ ಅಲ್ಲಿಯೇ ತೂತು ಹಾಕಿದ್ದಾನೆ. ಪುಶ್‌ರಾಡಿಗೆ ಎರಡು ತೂತು, ವಾಲ್ವಿಗೆ ಎರಡು. ಇನ್‌ಲೆಟ್ಟಿನದಕ್ಕೆ "ಒ", ಎಕ್ಸಾಸ್ಟಿನದಕ್ಕೆ "ಹೊ". ಒಳಗೆ, ಹೊರಗೆ. ಅವ್ವನಿಗೆ ಕಲಿಸಲು ಮಾಡಿದ್ದು.

ಹೆಡ್ಡು

ಇದರಲ್ಲಿ ಹೆಚ್ಚು ಕೆಲಸ ಇರಲಿಲ್ಲ. ಎಕ್ಸಾಸ್ಟ್ ವಾಲ್ವಿನ ಸೀಟಿನಲ್ಲಿ ಚುಕ್ಕೆ ಬಿದ್ದಿದ್ದವು. ದಪ್ಪ ಕಾರ್ಬೊರಂಡಂ ಪೇಸ್ಟು, ಆಮೇಲೆ ಸಣ್ಣದು, ಎರಡೂ ಮುಖದಲ್ಲಿ ಬೂದುಬಣ್ಣದ ಒಂದೇ ಅಗಲದ ಉಂಗುರ ಮೂಡುವ ತನಕ ವಾಲ್ವನ್ನು ಸೀಟಿಗೆ ಉಜ್ಜಿ ಲ್ಯಾಪ್ ಮಾಡಿದೆ. ಹೆಡ್ಡು ಮಗುಚಿ ಪೋರ್ಟಿನಲ್ಲಿ ಡೀಸೆಲ್ ತುಂಬಿಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ವಾಲ್ವಿನ ಅಂಚು ಒಣಗಿಯೇ ಇತ್ತು.

ಲೈನರು, ಮತ್ತು ಮರಳಿನ ಮಾತು

ಇಲ್ಲಿ ತಡ ಮಾಡಿ ನೋಡಬೇಕಾದದ್ದು ಇತ್ತು. ಲೈನರ್ ಎಲ್ಲೆಡೆ ಒಂದೇ ಸಮ ಸವೆಯುವುದಿಲ್ಲ. ಪಿಸ್ಟನ್ನು ಮೇಲ್ತುದಿಯಲ್ಲಿ ನಿಂತು ತಿರುಗುವ ಜಾಗದಲ್ಲಿ, ಅಂದರೆ ಮೊದಲ ರಿಂಗು ನಿಲ್ಲುವಲ್ಲಿ, ಸವೆತ ಅತಿ ಹೆಚ್ಚು. ಉರಿಯುವ ಒತ್ತಡ ರಿಂಗನ್ನು ಗೋಡೆಗೆ ಒತ್ತುವುದು ಅಲ್ಲಿಯೇ, ಪಿಸ್ಟನ್ನಿನ ವೇಗ ಸೊನ್ನೆಯಾಗಿ ಎಣ್ಣೆಯ ಪದರ ಕಿತ್ತುಹೋಗುವುದೂ ಅಲ್ಲಿಯೇ. ಅದರ ಮೇಲೆ ಗಾಳಿಯ ಜೊತೆ ದೂಳು ಒಳಗೆ ಬಂದರೆ ಅದು ರಿಂಗಿಗೂ ಲೈನರಿಗೂ ನಡುವೆ ಸಿಕ್ಕು ಸಾಣೆ ಹಿಡಿಯುತ್ತದೆ. ನಮ್ಮ ಎರೆ ಹೊಲದ ದೂಳು ಹಿಟ್ಟಿನಷ್ಟು ಸಣ್ಣ. ನಮ್ಮ ಕಡೆ ಎಂಜಿನ್ನುಗಳ ಲೈನರು ಬೇಗ ಹೋಗುವುದಕ್ಕೆ ಇದೇ ಮುಖ್ಯ ಕಾರಣ.

ಡಯಲ್ ಬೋರ್ ಗೇಜ್ ಇಳಿಸಿದೆ. ಲಾಗ್ ಪ್ರಕಾರ ಈ ಲೈನರ್ ಹಾಕಿದ್ದು 1994ರಲ್ಲಿ, ಅಲ್ಲಿಂದ ಮೂರು ಸಾವಿರ ತಾಸಿಗೂ ಹೆಚ್ಚು ಓಡಿದೆ. ಮೇಲ್ತುದಿಯ ಸವೆತ 0.09 ಮಿ.ಮೀ. ದೂಳಿನ ಹೊಲದಲ್ಲಿ ಅಷ್ಟು ಓಡಿದ ಎಂಜಿನ್ನಿಗೆ ಇದು ತೀರಾ ಕಡಿಮೆ. ಶಾಪಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಹಿರಿಯ ಮಿಸ್ತ್ರಿ ಗೇಜನ್ನು ತನ್ನ ಕೈಗೆ ತೊಗೊಂಡು ಮತ್ತೆ ಅಳೆದ.

ಕಾರಣ ಏರ್ ಕ್ಲೀನರು. ಎಣ್ಣೆಯ ಬಟ್ಟಲಿನ ಕ್ಲೀನರು ಇದು: ಗಾಳಿ ಎಣ್ಣೆಯ ಮೇಲೆ ಬಡಿದು ತಿರುಗಿ, ತಂತಿಯ ಬಲೆ ದಾಟಿ ಒಳಗೆ ಹೋಗುತ್ತದೆ. ದೂಳು ಎಣ್ಣೆಯಲ್ಲಿ ಕೂರುತ್ತದೆ. ಎಣ್ಣೆ ಕೆಸರಾದ ಮೇಲೆ ಅದು ಇದ್ದರೂ ಇಲ್ಲದಂತೆಯೇ. ಲಾಗ್‌ನಲ್ಲಿ ನೀರು ಬಿಟ್ಟ ದಿನಗಳ ನಡುನಡುವೆ ಒಂದೇ ಷರಾ ಮರಳಿ ಮರಳಿ ಬರುತ್ತದೆ, ಇಬ್ಬರ ಅಕ್ಷರದಲ್ಲೂ: "ಜಾಳಗಿ ತೊಳದೆ."

ಈ ಹಟ ಅಪ್ಪನಿಗೆ ಹತ್ತಿದ್ದು 1971ರಲ್ಲಿ. ಆ ಡಿಸೆಂಬರಿನ ಯುದ್ಧದಲ್ಲಿ ಅವನು ರಾಜಸ್ಥಾನದ ಬಾಡಮೇರ್ ಕಡೆ ಇದ್ದ, ಲೈಟ್ ಏಡ್ ಡಿಟ್ಯಾಚ್‌ಮೆಂಟ್ ಅನ್ನುವ ಸಣ್ಣ ರಿಪೇರಿ ತುಕಡಿಯಲ್ಲಿ. ಇಂಥ ತುಕಡಿಗಳು ಲಡಾಯಿ ಮಾಡುವ ಯುನಿಟ್ಟಿನ ಜೊತೆಗೇ ಮುಂದೆ ಹೋಗುತ್ತವೆ, ಗಾಡಿ ನಿಂತಲ್ಲಿಯೇ ಎಬ್ಬಿಸಬೇಕು. ಆ ಕಡೆಯಿಂದ ನಮ್ಮ ಫೌಜು ಗಡಿ ದಾಟಿ ಸಿಂಧದ ಮರಳುಗಾಡಿನೊಳಗೆ ಹೋಗಿತ್ತು. 1972ರ ಜುಲೈನಲ್ಲಿ ಸಿಮ್ಲಾ ಒಪ್ಪಂದವಾದ ಮೇಲೆ ಆ ನೆಲ ತಿರುಗಿ ಕೊಟ್ಟರು. ಪಶ್ಚಿಮಿ ಸ್ಟಾರ್ ಪದಕ ಅಪ್ಪನಿಗೆ ಬಂದದ್ದು ಅದಕ್ಕೇ.

ಯುದ್ಧದಲ್ಲಿ ಏನು ನೋಡಿದಿ ಅಂತ ನಾವು ಚಿಕ್ಕವರಿದ್ದಾಗ ಎಷ್ಟು ಕಾಡಿದರೂ ಅವನ ಬಾಯಿಂದ ಬರುತ್ತಿದ್ದದ್ದು ಏರ್ ಕ್ಲೀನರಿನ ಮಾತು. ಶಕ್ತಿಮಾನ್ ಟ್ರಕ್ಕುಗಳು ಮರಳಿನಲ್ಲಿ ಹೂತು ನಿಲ್ಲುತ್ತಿದ್ದವು, ಟೈರಿನ ಗಾಳಿ ಇಳಿಸಿ ದಾಟಿಸಬೇಕು. ರಾತ್ರಿ ದೀಪ ಹಚ್ಚುವಂತಿಲ್ಲ. ಕತ್ತಲಲ್ಲಿ ಕೈಯಿಂದಲೇ ಬಟ್ಟಲು ಬಿಚ್ಚಿ, ಕೆಸರು ಚೆಲ್ಲಿ, ಹೊಸ ಎಣ್ಣೆ ಹುಯ್ದು, ಮುಟ್ಟಿ ನೋಡಿ ಕೂರಿಸಬೇಕು. ಬೆಳಗಾಗುವುದರೊಳಗೆ ಎಲ್ಲ ಗಾಡಿಗೂ. "ಗಾಡಿ ನಿಂತ್ರ ಮುಂದಿನವ್ರಿಗೆ ನೀರಿಲ್ಲ" ಅನ್ನುತ್ತಿದ್ದ, ಅಷ್ಟಕ್ಕೆ ಮಾತು ನಿಲ್ಲುತ್ತಿತ್ತು. ಅವನ ಟ್ರಕ್ಕುಗಳು ಮುಂದಕ್ಕೆ ಒಯ್ಯುತ್ತಿದ್ದದ್ದು ಕುಡಿಯುವ ನೀರು ಅನ್ನುವುದು ನನಗೆ ಎಷ್ಟೋ ವರ್ಷದ ಮೇಲೆ ಅವ್ವನಿಂದ ಗೊತ್ತಾಯಿತು.

ಸವೆತ ಕಡಿಮೆ ಇದ್ದರೂ ಲೈನರ್ ಉಳಿಸಲು ಆಗಲಿಲ್ಲ. ನಿಂತು ನಿಂತು ತುಕ್ಕಿನ ಗುಂಡಿಗಳು ಆಳಕ್ಕೆ ಇಳಿದಿದ್ದವು, ಉಗುರು ಸಿಕ್ಕುವಷ್ಟು. ಹೊಸ ಲೈನರ್, ಪಿಸ್ಟನ್, ರಿಂಗಿನ ಕಿಟ್ಟು ತಂದೆ. ಒಂದು ಅಂಗಡಿಯಲ್ಲಿ ಕೊಟ್ಟ ಲೈನರಿನ ಕಾಲರು ದಪ್ಪಕ್ಕೆ ಸರಿಯಿರಲಿಲ್ಲ, ಬ್ಲಾಕಿನಲ್ಲಿ ಕೂತಾಗ ಒಂದು ಕಡೆ ಎದ್ದು ನಿಲ್ಲುತ್ತಿತ್ತು. ವಾಪಸು ಕೊಟ್ಟು ಬೇರೆ ಕಡೆ ತಂದೆ. ಕೊಳ್ಳುವ ಮುಂಚೆ ಕಾಲರನ್ನು ನಾಲ್ಕು ಕಡೆ ಮೈಕ್ರೋಮೀಟರ್ ಹಿಡಿದು ನೋಡಿಕೊಳ್ಳಿ. ಕಾಲರು ಸಮ ಕೂರದಿದ್ದರೆ ಹೆಡ್ ಗ್ಯಾಸ್ಕೆಟ್ ಎಷ್ಟು ಬದಲಿಸಿದರೂ ಉಳಿಯುವುದಿಲ್ಲ.

ಹಳೆ ಲೈನರ್ ಹೊರಗೆ ಬಂದಾಗ ಅದರ ಬೆನ್ನಿಗೆ, ನೀರು ಹರಿಯುವ ಕಡೆ, ಬೆರಳಿನ ಅರ್ಧ ದಪ್ಪ ಸುಣ್ಣ ಕಟ್ಟಿತ್ತು. ನಮ್ಮ ಬಾವಿಯ ನೀರು ಗಡಸು. ಪಂಪಿನಿಂದಲೇ ಒಂದು ಸಣ್ಣ ಪೈಪು ತಂದು ಎಂಜಿನ್ನಿಗೆ ನೀರು ಕೊಡುವ ಪದ್ಧತಿ ಇಲ್ಲಿಯದು, ಸುಣ್ಣ ತಪ್ಪಿದ್ದಲ್ಲ. ಬ್ಲಾಕಿನೊಳಗಿನದನ್ನೆಲ್ಲ ಉಳಿ, ತಂತಿ ಬ್ರಶ್ಶಿನಿಂದ ಕೆರೆದು ತೆಗೆದೆ. ಲೈನರ್ ಹೊರಗಿದ್ದಾಗಲೇ ಈ ಕೆಲಸ ಆಗಬೇಕು, ಆಮೇಲೆ ಕೈ ಹೋಗುವುದಿಲ್ಲ.

ರಿಂಗುಗಳನ್ನು ಬರಿಯ ಲೈನರಿನೊಳಗೆ ಇಳಿಸಿ ತುದಿಯ ಸಂದು ಅಳೆದೆ. ಅಪ್ಪನ ಲೆಕ್ಕ ಬೋರಿನ ಇಂಚಿಗೆ ನಾಲ್ಕು ಥೌ; ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು. 80 ಮಿ.ಮೀ. ಬೋರಿಗೆ ಹನ್ನೆರಡು ಹದಿಮೂರು ಥೌ ಬರಬೇಕು. ಎರಡು ರಿಂಗಿಗೆ ಸಂದು ಕಡಿಮೆ ಇತ್ತು, ನಯವಾದ ಅರದಿಂದ ಉಜ್ಜಿ ಸರಿಮಾಡಿದೆ. ಸಂದು ಕಡಿಮೆ ಇದ್ದರೆ ರಿಂಗು ಕಾದು ಹಿಗ್ಗಿದಾಗ ತುದಿಗೆ ತುದಿ ತಾಗಿ ಲೈನರನ್ನೇ ಹಿಡಿಯುತ್ತದೆ. ಸಂದುಗಳು ಒಂದರ ಕೆಳಗೆ ಒಂದು ಬರದಂತೆ ತಿರುಗಿಸಿ ಪಿಸ್ಟನ್ ಇಳಿಸಿದೆ.

ಕ್ರ್ಯಾಂಕು

ಬಿಗ್ ಎಂಡ್, ಅಂದರೆ ಕನೆಕ್ಟಿಂಗ್ ರಾಡು ಕ್ರ್ಯಾಂಕಿಗೆ ಸೇರುವ ತುದಿ, ಬಿಚ್ಚಿ ಬೇರಿಂಗಿನ ಶೆಲ್ ತಿರುಗಿಸಿ ನೋಡಿದರೆ ಬೆನ್ನ ಮೇಲೆ 0.25 ಅಂತ ಒತ್ತಿತ್ತು. ಅಂದರೆ ಕ್ರ್ಯಾಂಕು ಒಮ್ಮೆ 0.25 ಮಿ.ಮೀ. ಗ್ರೈಂಡ್ ಆಗಿದೆ. 1994ರ ಲಾಗ್‌ನಲ್ಲಿ ಅದೇ ಇದೆ: "ಕ್ರ್ಯಾಂಕ್ ಉದ್ಯಮಬಾಗದಾಗ 0.25 ಹೊಡಿಸಿದೆ. ಕೈಲೇ ಹಿಡಕೊಂಡು ಬಸ್ಸಿನ್ಯಾಗ ತಂದೆ." ಉದ್ಯಮಬಾಗ ಅಂದರೆ ಫೌಂಡ್ರಿ, ಲೇಥು, ಗ್ರೈಂಡರುಗಳ ಓಣಿ. ಬೆಳಗಾವಿಗೂ ಈ ಎಂಜಿನ್ನಿನ ಹೆಸರಿಗೂ ಹಳೆಯ ಋಣ ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಸೈಕಲ್ ಅಂಗಡಿ ತೆಗೆದದ್ದು ಇದೇ ಊರಿನಲ್ಲಿ. ಕಬ್ಬಿಣದ ನೇಗಿಲು ಮಾಡಿದ್ದು ಆಮೇಲೆ, ಕಿರ್ಲೋಸ್ಕರವಾಡಿಗೆ ಹೋದದ್ದು 1910ರಲ್ಲಿ. ಪುಣೆಯ ಆಯಿಲ್ ಎಂಜಿನ್ ಕಂಪನಿ 1946ರದು. ಅಪ್ಪನಿಗೆ ಈ ಕಥೆ ಹೇಳಲು ಬಲು ಇಷ್ಟ, ಯುದ್ಧದ ಕಥೆಗಿಂತ ಇದನ್ನು ಹತ್ತು ಪಟ್ಟು ಉದ್ದ ಹೇಳುತ್ತಿದ್ದ.

ಕ್ರ್ಯಾಂಕಿನ ಜರ್ನಲ್, ಅಂದರೆ ಬೇರಿಂಗಿನೊಳಗೆ ತಿರುಗುವ ಭಾಗ, ಮೈಕ್ರೋಮೀಟರಿನಲ್ಲಿ ದುಂಡಗೇ ಇತ್ತು. ಅದೇ 0.25ರ ಹೊಸ ಶೆಲ್ ಹಾಕಿ ಮುಚ್ಚಿದೆ.

ಡೀಸೆಲ್ಲಿನ ದಾರಿ

ಟ್ಯಾಂಕಿನೊಳಗೆ ತುಕ್ಕು. ಹುಣಸೆ ರಸದ ನೀರು ತುಂಬಿ, ಸಣ್ಣ ಬೆಣಚುಕಲ್ಲು ಹಾಕಿ ಕುಲುಕಿ, ತೊಳೆದು, ಬಿಸಿಲಿಗೆ ಒಣಗಿಸಿ, ಡೀಸೆಲ್ಲಿನಿಂದ ಜಾಲಾಡಿದೆ. ಫಿಲ್ಟರ್ ಹೊಸದು.

ಇಂಜೆಕ್ಟರಿಗೆ ಡೀಸೆಲ್ ಒತ್ತುವ ಮೈಕೋ ಕಂಪನಿಯ ಪಂಪಿನ ಪ್ಲಂಜರು ಅಂಟಿತ್ತು, ಡೀಸೆಲ್ಲಿನಲ್ಲಿ ನೆನೆಸಿದ ಮೇಲೆ ಸಲೀಸಾಗಿ ಓಡಾಡಿತು. ಪ್ಲಂಜರು ಮತ್ತು ಬ್ಯಾರಲ್ ಜೋಡಿಯಾಗಿಯೇ ಲ್ಯಾಪ್ ಆಗಿ ಬರುತ್ತವೆ, ಒಂದನ್ನು ಬೇರೆ ಪಂಪಿನ ಇನ್ನೊಂದಕ್ಕೆ ಹಾಕಬಾರದು, ಬಟ್ಟೆಯಿಂದ ಒರೆಸಲೂಬಾರದು. ಇಂಜೆಕ್ಟರು ಟೆಸ್ಟರಿನ ಮೇಲೆ ಮಂಜಿನಂತೆ ಬಿಡುವ ಬದಲು ಹನಿ ಹಾಕುತ್ತಿತ್ತು. ನಾಝಲ್ ಹೋಗಿದೆ ಅಂದಾಗ ಅವ್ವ ಎದ್ದು ಒಳಗೆ ಹೋಗಿ, ಟ್ರಂಕಿನ ತಳದಿಂದ ಮೇಣದ ಕಾಗದದ ಪೊಟ್ಟಣ ತಂದಳು. ಒಳಗೆ ಹೊಸ ನಾಝಲ್ಲು, ಗ್ರೀಸು ಹಾಗೇ ಇತ್ತು. "ಒಂದು ಯಾವಾಗ್ಲೂ ಇರಲಿ ಅಂತ ಇಟ್ಟಿದ್ದ." ಅದನ್ನೇ ಹಾಕಿ, ಸ್ಪ್ರಿಂಗಿನ ಸ್ಕ್ರೂ ತಿರುಗಿಸಿ ಒತ್ತಡ ಕಟ್ಟಿಸಿದೆ. ರಂಧ್ರಗಳಿಂದ ಸರಿಸಮ ಎರಚಿತು, ಕೊನೆಗೆ ತುದಿಯಲ್ಲಿ ಹನಿ ಉಳಿಯಲಿಲ್ಲ.

ಟೈಮಿಂಗ್ ನೋಡಿದ್ದು ಹಳೆಯ ರೀತಿಯಲ್ಲೇ. ಡೆಲಿವರಿ ವಾಲ್ವು ತೆಗೆದು, ಚಕ್ರವನ್ನು ಮೆಲ್ಲಗೆ ತಿರುಗಿಸುತ್ತ, ಡೀಸೆಲ್ ಹರಿಯುವುದು ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಚಕ್ರದ ಮೇಲಿನ ಗುರುತಿಗೆ ತಾಳೆ ನೋಡುವುದು. ಸ್ವಲ್ಪ ತಡವಾಗುತ್ತಿತ್ತು. ಪಂಪಿನ ಅಡಿಯ ತೆಳು ತಗಡು, ಶಿಮ್ಮು, ಒಂದು ತೆಗೆದ ಮೇಲೆ ಗುರುತಿಗೆ ಬಂತು. ಶಿಮ್ಮು ತೆಗೆದರೆ ಪಂಪು ಕ್ಯಾಮಿಗೆ ಹತ್ತಿರವಾಗಿ ಬೇಗ ಹೊಡೆಯುತ್ತದೆ, ಹಾಕಿದರೆ ತಡ.

ಟ್ಯಾಪೆಟ್

ಹೆಡ್ಡು ಕೂರಿಸಿ, ನಟ್ಟುಗಳನ್ನು ಎದುರುಬದುರಾಗಿ ಹಂತಹಂತವಾಗಿ ಬಿಗಿದ ಮೇಲೆ ಉಳಿದದ್ದು ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು. ಲಾಗ್‌ನಲ್ಲಿ ತಣ್ಣಗಿದ್ದಾಗ ಎಂಟು ಥೌ ಅಂತಿದೆ. ನಾನು ಫೀಲರ್ ಗೇಜು ತೆಗೆಯುವಾಗ ಅವ್ವ ಕುರ್ಚಿಯಿಂದ ಎದ್ದು ಬಂದು ಕೈ ಚಾಚಿದಳು. ಅವಳಿಗೀಗ ಎಪ್ಪತ್ತು ದಾಟಿದೆ, ಕಣ್ಣಿಗೆ ಪೊರೆಯ ಆಪರೇಶನ್ ಆಗಿದೆ. ಸಂದು ಅಳೆಯುವ ಆ ಗೇಜಿನ ತೆಳು ಪಟ್ಟಿಗಳನ್ನು ಬೀಸಣಿಕೆ ಬಿಚ್ಚಿದಂತೆ ಬಿಚ್ಚಿ, ಬೆರಳಲ್ಲಿ ಎಣಿಸಿ ಒಂದನ್ನು ಹಿಡಿದಳು. ನಾನು ನೋಡಿದೆ, ಎಂಟೇ. ರಾಕರಿನ ಕೆಳಗೆ ಅದನ್ನು ತೂರಿಸಿ, "ಬಿಗಿ. ಒಂದೀಟು ಸಡಲ ಬಿಡು" ಅಂದಳು. ನಾನು ಸ್ಕ್ರೂ ತಿರುಗಿಸಿದೆ. "ಇನ್ನ. ಹಾಂ, ಸಾಕು. ಹಿಡದೂ ಹಿಡೀಬಾರದು, ಬಿಟ್ಟೂ ಬಿಡಬಾರದು. ಈಗ ನಟ್ ಹಾಕು. ಹಾಕೂವಾಗ ತಿರುಗತೈತಿ, ಸ್ಕ್ರೂ ಗಟ್ಟ್ಯಾಗಿ ಹಿಡಿ." ನಟ್ಟು ಬಿಗಿದ ಮೇಲೆ ಮತ್ತೆ ತೂರಿಸಿ ನೋಡಿದಳು. ಆಮೇಲೆ ಹೊರಗಿನದು. ಎರಡೂ ಆದ ಮೇಲೆ ನಾನು ಡಯಲ್ ಗೇಜು ಹಚ್ಚಿ ಅಳೆದೆ. ಮತ್ತೆ ಮುಟ್ಟುವ ಕೆಲಸವೇ ಇರಲಿಲ್ಲ.

ಅಪ್ಪ ಅವಳಿಗೆ ಇದನ್ನು ಕಲಿಸಿದ್ದು 1982ರ ಆ ಎರಡು ತಿಂಗಳ ರಜೆಯಲ್ಲಿ. ಊರ ಮಂದಿ ನಕ್ಕರಂತೆ, ಹೆಂಗಸಿನ ಕೈಗೆ ಪಾನಾ (ಸ್ಪ್ಯಾನರು) ಕೊಟ್ಟಾನ ಅಂತ. ಮರುವರ್ಷದ ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಗೆ, ಅಪ್ಪ ಯುನಿಟ್ಟಿನಲ್ಲಿದ್ದ. ಅವ್ವ ಪಾನಾಗಳಿಗೆ ವಿಭೂತಿ ಹಚ್ಚಿ ಒಬ್ಬಳೇ ಪೂಜೆ ಮಾಡಿದ್ದು ಲಾಗ್‌ನಲ್ಲೇ ಇದೆ, "ಓಡಿಸಲಿಲ್ಲ, ಪೂಜಿ" ಅಂತ. ಅದರ ಮುಂದಿನ ಬೇಸಿಗೆಯ ಹೊತ್ತಿಗೆ ನಕ್ಕವರ ಹೊಲಗಳ ಹೆಸರೂ "ಯಾರಿಗೆ ನೀರು" ಅನ್ನುವ ಕಾಲಮ್ಮಿನಲ್ಲಿ ಕಾಣುತ್ತದೆ. ದುಡ್ಡಿನ ಕಾಲಮ್ಮು ಆ ವಹಿಯಲ್ಲಿ ಇಲ್ಲ. ಸೀತನಿ (ಸುಟ್ಟ ಎಳೆ ಜೋಳದ ಕಾಳು) ಕಾಲಕ್ಕೆ ಸೀತನಿ, ಗಾಣದ ಕಾಲಕ್ಕೆ ಬೆಲ್ಲ ಮನೆಗೆ ಬರುತ್ತಿತ್ತು.

ಪಂಪು

ಗ್ಲ್ಯಾಂಡಿನ, ಅಂದರೆ ಪಂಪಿನಿಂದ ಶಾಫ್ಟು ಹೊರಬರುವ ಜಾಗದ, ಹಗ್ಗ ಬದಲಿಸಿದೆ. ಪೂರ್ತಿ ಬಿಗಿಯಬಾರದು, ಹನಿ ಹನಿ ನೀರು ತೊಟ್ಟಿಕ್ಕಬೇಕು, ಇಲ್ಲದಿದ್ದರೆ ಶಾಫ್ಟು ಕಾದು ಸವೆಯುತ್ತದೆ. ಫುಟ್‌ವಾಲ್ವಿನ ಚರ್ಮ ಹೊಸದು. ಇಷ್ಟೇ.

ಚಾಲೂ

ತಿಥಿಯ ಹಿಂದಿನ ದಿನ ಎಂಜಿನ್ನನ್ನು ಮತ್ತೆ ಕಟ್ಟೆಗೆ ಇಳಿಸಿ, ಪಂಪಿಗೆ ಕಪ್ಲಿಂಗ್ ನೇರ ಮಾಡಿ ಕೂರಿಸಿದೆವು. 20ಡಬ್ಲ್ಯು-40 ಆಯಿಲ್ ಹಾಕಿ, ಕ್ಲೀನರಿನ ಬಟ್ಟಲಿಗೆ ಗುರುತಿನ ತನಕ ಎಣ್ಣೆ ಹುಯ್ದು, ಡೀಸೆಲ್ ಲೈನಿನ ಗಾಳಿ ತೆಗೆದೆ: ಮೊದಲು ಫಿಲ್ಟರಿನ ಸ್ಕ್ರೂ, ಆಮೇಲೆ ಪಂಪಿನದು, ಕೊನೆಗೆ ಇಂಜೆಕ್ಟರಿನ ನಟ್ಟು. ಗುಳ್ಳೆ ನಿಂತು ಬರಿಯ ಡೀಸೆಲ್ ಬರಬೇಕು. ಪಂಪಿಗೆ ನೀರು ತುಂಬಿಸಿದೆ.

ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಶನ್ ಲೀವರ್ ಎತ್ತಿ, ಆಯಿಲ್ ಮೇಲೆ ಏರಲಿ ಅಂತ ಒಂದಿಷ್ಟು ಹೊತ್ತು ಬರಿದೇ ತಿರುಗಿಸಿದೆ. ಇಂಜೆಕ್ಟರು ಕಿರ್ರ್ ಅಂತ ಕೂಗುವುದು ಕಿವಿಗೆ ಬಿತ್ತು. ವೇಗ ಹಿಡಿಸಿ ಲೀವರ್ ಬಿಟ್ಟೆ. ಒಂದು ಬೆಳ್ಳಗಿನ ಹೊಗೆ, ಒಂದು ಕೆಮ್ಮು, ಆಮೇಲೆ ಹಿಡಿಯಿತು. ಗೋಡೆಯ ಕೆಂಪಕ್ಷರ ಎದುರಿಗೇ ಇತ್ತು. ಗ್ಲ್ಯಾಂಡು ನೋಡಿ ನಾನು ಮೇಲೆ ಬಂದೆ.

ಮರುದಿನ ಪೂಜೆಯಾದ ಮೇಲೆ ಅದರದೇ ನೀರು ಮಾವಿನ ಗಿಡಗಳಿಗೆ ಹೋಯಿತು, ಅಪ್ಪ ಪೆನ್ಶನ್ನಿಗೆ ಬಂದ ವರ್ಷ ಹಚ್ಚಿದ ಗಿಡಗಳು. ಅಪ್ಪನ ಜೊತೆ ಸೇವೆ ಮಾಡಿದವರೊಬ್ಬರು ಬೆಳಗಾವಿ ಕ್ಯಾಂಪಿನ ಕಡೆಯಿಂದ ಬಂದಿದ್ದರು. ಎಂಜಿನ್ನಿನ ಸದ್ದು ಕೇಳಿ ಸೀದಾ ಏರ್ ಕ್ಲೀನರ್ ಎಲ್ಲಿದೆ ಅಂತ ಕೇಳಿದರು. ಓಡುವಾಗ ಇಳಿಯಬೇಡಿರಿ ಅಂತ ಅವ್ವ ತಡೆದಳು. ತಂತಿ ಜಗ್ಗಿ ಎಂಜಿನ್ನು ನಿಲ್ಲಿಸಿದಳು, ಹೊಗೆ ಹೋಗಲಿ ಅಂತ ಕೂರಿಸಿ ಚಹಾ ಕೊಟ್ಟು, ಆಮೇಲೆ ಇಳಿಯಲು ಬಿಟ್ಟಳು.

ಬಾಕಿ ಇರುವುದು

ಎಂಜಿನ್ನಿನ ವೇಗ ಹಿಡಿದಿಡುವ ಗವರ್ನರ್ ತುಸು ಹಿಂದೆ ಮುಂದೆ ಆಡುತ್ತಿದೆ, ಲೋಡ್ ಇಲ್ಲದಾಗ ವೇಗ ಏರಿಳಿಯುತ್ತದೆ. ಲಿಂಕಿನ ಪಿನ್ನು ಸವೆದಿರಬೇಕು, ಶಾಪಿನಲ್ಲಿ ಹೊಸದು ತಿರುವಿಸುತ್ತೇನೆ. ಹೊಸ ರಿಂಗು ಕೂರುವ ತನಕ ಪೂರ್ತಿ ಲೋಡ್ ಕೊಡುತ್ತಿಲ್ಲ. ಮೊದಲ ಆಯಿಲ್ ಬೇಗ ಬದಲಿಸಬೇಕು, ಹೊಸ ಲೈನರಿನ ಲೋಹದ ಪುಡಿ ಅದರಲ್ಲಿ ಇಳಿದಿರುತ್ತದೆ. ಹೆಡ್ಡಿನ ನಟ್ಟು, ಟ್ಯಾಪೆಟ್ ಅದೇ ಹೊತ್ತಿಗೆ ಮತ್ತೊಮ್ಮೆ ನೋಡಬೇಕು. ಸೈಲೆನ್ಸರ್ ಪೈಪಿನ ಮೇಲಿನ ಬೆಂಡಿಗೆ ಕ್ಲ್ಯಾಂಪು ಇನ್ನೂ ಹಾಕಿಲ್ಲ. ಅದಾಗುವ ತನಕ ಮಕ್ಕಳನ್ನು ಬಾವಿಯ ಹತ್ತಿರ ಬಿಡುವುದಿಲ್ಲ ಅಂತ ಅವ್ವನ ಹುಕುಂ. ಅಕ್ಕನ ಮಗಳು ದೀಪಾವಳಿ ರಜೆಗೆ ಬರುತ್ತಾಳೆ, ಡಿಪ್ಲೊಮಾ ಮೆಕ್ಯಾನಿಕಲ್ ಎರಡನೇ ವರ್ಷ. ಟ್ಯಾಪೆಟ್ ಅವಳ ಕೈಯಲ್ಲಿ ಮಾಡಿಸಬೇಕು ಅಂತ ಅವ್ವ ಫೀಲರ್ ಗೇಜನ್ನು ನನ್ನಿಂದ ಇಸಕೊಂಡು ತನ್ನ ಹತ್ತಿರವೇ ಇಟ್ಟುಕೊಂಡಿದ್ದಾಳೆ.